ಚೆನ್ನಿ ಎಮ್ಮೆಯ ಹಾಲು ಮತ್ತು ನನ್ನ ಹೆಬ್ಬೆರಳು

ಬಯೋಸೆನ್ಸರ್ ಮಾಡುವ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ಹೇಳುವ ಮೊದಲ ಮಾತು ಇಷ್ಟೇ: ಬಲಗೈ ಹೆಬ್ಬೆರಳನ್ನು ಸೋಪು ಹಚ್ಚಿ ತೊಳೆದುಕೊಳ್ಳಿ. ಉಗುರಿನ ಸಂದಿಯನ್ನು ಬಿಡಬೇಡಿ. ಉಳಿದದ್ದನ್ನೆಲ್ಲ ನಿಮ್ಮ ಕಾಲೇಜಿನಲ್ಲಿ ಹೇಳಿಕೊಟ್ಟಿರುತ್ತಾರೆ. ಹೆಬ್ಬೆರಳಿನ ವಿಷಯ ನನಗೂ ಯಾರೂ ಹೇಳಿರಲಿಲ್ಲ ಎಂದು ಬರೆಯಲು ಕೂತಿದ್ದೆ, ಆದರೆ ಅದು ಸುಳ್ಳಾಗುತ್ತದೆ. ನಮ್ಮ ಪ್ರಯೋಗಶಾಲೆಯ ಮುಖ್ಯಸ್ಥೆ ಶೈಲಜಾ ಮೇಡಂ ಮೊದಲ ದಿನವೇ ಹೇಳಿದ್ದರು. ನಾನು ತಲೆಯಾಡಿಸಿದ್ದೆ, ಕೇಳಿರಲಿಲ್ಲ. ಅದರಿಂದಾಗಿ ಕೋಗಳಿಯಲ್ಲಿರುವ ನನ್ನ ಅಕ್ಕ ಗಂಗಮ್ಮ, ಹಾಲಿಗೆ ಒಂದು ಹನಿ ನೀರು ಬೆರೆಸದ ಹೆಂಗಸು, ಊರಿನವರ ಬಾಯಲ್ಲಿ ‘ಯೂರಿಯಾ ಗಂಗಮ್ಮ’ ಆದಳು. ಆಕೆಯ ಒಳ್ಳೆಯ ಹೆಸರನ್ನು ನಾನು ವಾಪಸು ತರಬೇಕಾಗಿತ್ತು. ತರಲು ನನಗೆ ನಿವೃತ್ತಿಯಾಗುವವರೆಗೆ ಧೈರ್ಯ ಬರಲಿಲ್ಲ.

ಬಡ್ತಿಯ ಬಗ್ಗೆ ಬರೆಯುವುದಕ್ಕೆ ನನ್ನಲ್ಲಿ ಹೆಚ್ಚೇನೂ ಇಲ್ಲ. ಸೇರುವಾಗ ಸಹಾಯಕ, ಬಿಡುವಾಗ ಹಿರಿಯ ಸಹಾಯಕ. ನಡುವೆ ಒಮ್ಮೆ ಬೆನ್ನಾಸರೆ ಇರುವ ಸ್ಟೂಲು ಕೊಟ್ಟರು. ಹಾಗಾಗಿ ಕೆಲಸ ನಿಜವಾಗಿ ಹೇಗಿತ್ತು ಅನ್ನುವುದನ್ನೇ ಬರೆಯುತ್ತೇನೆ.

ನಾನು ಏಳನೇ ತರಗತಿಯವರೆಗೆ ಓದಿದವನು. ಕೊಟ್ಟೂರಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೆ. ಚೌಕಟ್ಟಿಗೆ ಬಿಗಿದ ತೆಳು ಜಾಲರಿ ಬಟ್ಟೆ, ಅದರ ಮೇಲೆ ಶಾಯಿ, ಶಾಯಿಯ ಮೇಲೆ ರಬ್ಬರ್ ಪಟ್ಟಿ. ಒಂದು ಸಲ ಎಳೆದರೆ ಕೆಳಗಿನ ಕಾಗದದಲ್ಲಿ ಗಂಡು ಹೆಣ್ಣಿನ ಹೆಸರು ಮೂಡುತ್ತದೆ. ಒಂದು ಮಧ್ಯಾಹ್ನ ಶೈಲಜಾ ಮೇಡಂ ಬಂದು ಒಂದು ಚಿತ್ರ ತೋರಿಸಿದರು. ಬಿಳಿ ಕಾಗದದ ಮೇಲೆ ಸಾಲುಸಾಲಾಗಿ ಸಣ್ಣ ಉಂಗುರಗಳು. ಅಕ್ಷರವಿಲ್ಲ, ಗಣಪತಿಯಿಲ್ಲ.

“ಯಾರ ಮದುವಿರಿ ಮೇಡಂ?” ಎಂದೆ.

“ಮದುವೆ ಅಲ್ಲ ಕಣ್ರೀ, ಹಾಲು ಪರೀಕ್ಷೆ ಮಾಡಾಕೆ” ಎಂದರು. ಅವರು ಹರಪನಹಳ್ಳಿಯವರು, ಮಾತು ದಾವಣಗೆರೆ ಕಡೆಗೆ ವಾಲುತ್ತಿತ್ತು.

ಹಗರಿಬೊಮ್ಮನಹಳ್ಳಿಯ ಹೊರಗೆ ಅವರದೊಂದು ಸಣ್ಣ ಪ್ರಯೋಗಶಾಲೆಯಿತ್ತು. ನೀರಾದ ಹಾಲು ಗಟ್ಟಿ ಎಂದು ತೋರಲಿ ಅಂತ ಕೆಲವರು ಅದಕ್ಕೆ ಯೂರಿಯಾ ಗೊಬ್ಬರ ಬೆರೆಸುತ್ತಾರೆ. ಅದನ್ನು ಹಳ್ಳಿಯ ಡೇರಿಯಲ್ಲೇ, ಯಂತ್ರವಿಲ್ಲದೆ, ಒಂದು ಕಾಗದದ ಚೂರಿನಿಂದ ಹಿಡಿಯುವ ಸಾಧನ ಮಾಡಬೇಕು ಎಂಬುದು ಅವರ ಹಟ. ಉಂಗುರ ಯಾಕೆಂದರೆ, ನೀರು ದಾಟದ ಶಾಯಿಯಲ್ಲಿ ಉಂಗುರ ಹಾಕಿದರೆ ಒಳಗೆ ಬಿಟ್ಟ ಹನಿ ಒಳಗೇ ನಿಲ್ಲುತ್ತದೆ. ಹೊಲಕ್ಕೆ ಬದು ಹಾಕಿದ ಹಾಗೆ. ಹೀರುವ ಕಾಗದದ ಮೇಲೆ ಶಾಯಿ ಹರಡದಂತೆ ಉಂಗುರ ಎಳೆಯುವವರು ಅವರಿಗೆ ಬೇಕಾಗಿತ್ತು. ಲಗ್ನದ ಹಂಗಾಮು ಮುಗಿದಿತ್ತು, ನನಗೂ ಕೆಲಸ ಬೇಕಾಗಿತ್ತು.

ಮೊದಲ ಕಂತು ಅಚ್ಚು ಹಾಕಿಕೊಂಡು ಹೆಮ್ಮೆಯಿಂದ ಹೋದೆ. ಮೇಡಂ ಒಂದು ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹಿಂದಿನ ಲಗ್ನಪತ್ರಿಕೆಯ ಜಾಲರಿಯನ್ನು ನಾನು ಸರಿಯಾಗಿ ತೊಳೆದಿರಲಿಲ್ಲ. ಉಂಗುರಗಳ ಹಿಂದೆ ತೆಳುವಾಗಿ, ಹಾಳೆಯ ಉದ್ದಕ್ಕೂ, ‘ಆಶೀರ್ವಾದವೇ ಉಡುಗೊರೆ’ ಎಂದು ಮೂಡಿತ್ತು. ಪರೀಕ್ಷೆಗೆ ಅದರಿಂದ ತೊಂದರೆಯಿಲ್ಲ, ಬೇರೆ ಕಾಗದಕ್ಕೆ ಹಣವಿಲ್ಲ ಎಂದು ಅದನ್ನೇ ಬಳಸಿದರು. ಆ ವಾರ ಬೆಂಗಳೂರಿನಿಂದ ಹಿರಿಯ ಅಧಿಕಾರಿಯೊಬ್ಬರು ತಪಾಸಣೆಗೆ ಬಂದರು. ಕನ್ನಡಕ ಮೇಲೇರಿಸಿ ಓದಿ, ಇದೇನು ಎಂದು ಕೇಳಿದರು. ಮೇಡಂ ಮುಖದ ಗೆರೆ ಬದಲಿಸದೆ, ರೈತರಿಗೆ ಹೆದರಿಕೆಯಾಗಬಾರದು ಎಂದು ಹಾಕಿದ್ದು ಸರ್, ಎಂದರು. ಒಳ್ಳೆಯ ಯೋಚನೆ ಎಂದು ಅವರು ಬರೆದುಕೊಂಡರು. ಇಂಥ ಮೇಲಧಿಕಾರಿಯ ಕೈಕೆಳಗೆ ಕೆಲಸ ಮಾಡಬೇಕು ಎಂದು ನಾನು ಅಂಗಡಿಗೆ ಬೀಗ ಹಾಕಿದೆ.

ಸೇರಿದ ದಿನ ಮೇಡಂ ಎರಡು ಮಾತು ಹೇಳಿದರು. ಒಂದು, ಇಲ್ಲಿ ಎಲೆ ಅಡಿಕೆ ಹಾಕುವಂತಿಲ್ಲ. ಎರಡು, ಕಾಗದ ಬಿಡಿಸುವಾಗ ಬೆರಳಿಗೆ ಉಗುಳು ಹಚ್ಚುವಂತಿಲ್ಲ, ಚಿಮಟ ಬಳಸಬೇಕು. ಮೊದಲನೆಯದಕ್ಕೆ, “ಎಂದೋ ಬಿಟ್ಟೀನ್ರಿ” ಎಂದೆ. ಆಗ ನನ್ನ ದವಡೆಯಲ್ಲಿ ಅಡಿಕೆಯ ಚೂರಿತ್ತು. ಎರಡನೆಯದಕ್ಕೆ ನನ್ನ ನಾಲಿಗೆ ಒಪ್ಪಲಿಲ್ಲ. ಲಗ್ನಪತ್ರಿಕೆಯ ಕೆಲಸದವರಿಗೆ ನಾಲಿಗೆಯೂ ಒಂದು ಉಪಕರಣ. ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ, ಕಟ್ಟಿನ ಮೂಲೆಗೆ ಒತ್ತಿ ಸರಿಸಿದರೆ ಒಂದೊಂದೇ ಕಾಗದ ಬಿಚ್ಚಿಕೊಂಡು ಬರುತ್ತದೆ. ಈ ಅಭ್ಯಾಸ ಯೋಚನೆಗಿಂತ ಮುಂಚೆ ನಡೆದುಹೋಗುವಂಥದು.

ಇನ್ನು ಬಯೋಸೆನ್ಸರ್. ನನಗೆ ಅರ್ಥವಾದ ರೀತಿಯಲ್ಲಿ ಹೇಳುತ್ತೇನೆ, ನಕ್ಕರೂ ಪರವಾಗಿಲ್ಲ. ಮದುವೆಮನೆಯಲ್ಲಿ ಒಬ್ಬಳು ಅತ್ತೆ ಇರುತ್ತಾಳೆ. ಸಾರಿಗೆ ಉಪ್ಪು ಹೆಚ್ಚಾದರೆ ಬಾಯಿಗಿಟ್ಟ ಕೂಡಲೇ ಆಕೆಗೆ ಗೊತ್ತಾಗುತ್ತದೆ, ಆದರೆ ಸಣ್ಣ ದನಿಯವಳು, ಯಾರಿಗೂ ಕೇಳಿಸುವುದಿಲ್ಲ. ಪಕ್ಕದಲ್ಲಿ ದೊಡ್ಡ ದನಿಯ ಸೊಸೆ ಕೂತಿರುತ್ತಾಳೆ. ಅತ್ತೆ ಮುಖ ಹುಳ್ಳಗೆ ಮಾಡಿದರೆ ಸಾಕು, ಸೊಸೆ ಇಡೀ ಚಪ್ಪರಕ್ಕೆ ಸಾರುತ್ತಾಳೆ. ಉಂಗುರವಿರುವ ನಮ್ಮ ಕಾಗದದ ಪಟ್ಟಿಯಲ್ಲಿ ಅತ್ತೆ ಎಂದರೆ ಎಂಜೈಮು. ಹುರುಳಿಕಾಳಿನಲ್ಲಿ ಇರುತ್ತದೆ, ಯೂರಿಯಾ ಕಂಡರೆ ಒಡೆದು ಅಮೋನಿಯ ಮಾಡುತ್ತದೆ. ಸೊಸೆ ಎಂದರೆ ಬಣ್ಣ. ಮೊದಲು ಹಳದಿ ಇರುತ್ತದೆ, ಅಮೋನಿಯದಂಥ ಕ್ಷಾರ ತಾಕಿದರೆ ನೀಲಿಯಾಗುತ್ತದೆ. ಇಬ್ಬರೂ ಹನಿ ಬಿದ್ದಾಗ ತೊಳೆದುಹೋಗದಂತೆ ಉಂಗುರದೊಳಗೆ ಹಿಡಿದು ಕೂರಿಸಲು ಒಂದು ಅಂಟು ಬೇಕು. ನಮ್ಮ ಆಯುಷ್ಯ ಹೆಚ್ಚು ಹಾಳಾದದ್ದು ಅಂಟಿನಲ್ಲಿ.

ಅಂಟಿಗೆ ಬರುವ ಮೊದಲು ಹುರುಳಿಯ ಕಥೆ. ಕಾಳು ನೆನೆಸಿ, ರುಬ್ಬಿ, ಸೋಸಿ, ಎಂಜೈಮು ತೆಗೆಯುವ ಕೆಲಸವನ್ನು ನನಗೆ ವಹಿಸಿದರು. ನಾನು ಬೇಗ ಮೆತ್ತಗಾಗಲಿ ಎಂದು ಕುದಿಯುವ ನೀರು ಹಾಕಿದೆ. ಮನೆಯಲ್ಲಿ ಹಾಗೇ ಮಾಡುವುದು. ಆಮೇಲೆ ಮಾಡಿದ ಪಟ್ಟಿಗಳೆಲ್ಲ ಮೂಕ. ಯೂರಿಯಾ ನೀರು ಸುರಿದರೂ ಹಳದಿ, ಗೊಬ್ಬರದ ಕಾಳನ್ನೇ ಇಟ್ಟರೂ ಹಳದಿ. ಮೇಡಂ ಕಾಗದ ಬದಲಿಸಿದರು, ಬಣ್ಣ ಬದಲಿಸಿದರು, ನೀರು ಬದಲಿಸಿದರು. ಕೊನೆಗೆ ಒಂದು ದಿನ ನಾನು ಕೆಟಲ್ ಹಿಡಿದು ಹುರುಳಿ ಪಾತ್ರೆಯತ್ತ ಹೋಗುವುದನ್ನು ಕಂಡರು.

“ಕೊಟ್ರಪ್ಪ, ಸಾರು ಮಾಡಾಕೆ ಹೊರಟೀರೇನ್ರಿ?” ಎಂದರು. ದನಿ ಏರಿಸಲಿಲ್ಲ. ದನಿ ಏರಿಸಿದ್ದರೆ ಚೆನ್ನಾಗಿತ್ತು.

ಎಂಜೈಮು ಬಿಸಿಗೆ ಸಾಯುತ್ತದೆ ಎಂದು ಅವತ್ತು ತಿಳಿಯಿತು. ಸತ್ತ ಹುರುಳಿಯನ್ನು ದಂಡ ಮಾಡುವುದು ಬೇಡ ಎಂದು ನಿಜವಾಗಿಯೂ ಸಾರು ಮಾಡಿದೆವು. ಮೇಡಂ ಎರಡು ಸಲ ಹಾಕಿಸಿಕೊಂಡರು.

ಮೊದಲ ಅಂಟು ಜೆಲಟಿನ್. ಪುಸ್ತಕದಲ್ಲಿ ಒಳ್ಳೆಯ ಹೆಸರಿತ್ತು. ಪುಸ್ತಕ ಬರೆದವರು ಬೇಸಿಗೆಯಲ್ಲಿ ಹಗರಿಬೊಮ್ಮನಹಳ್ಳಿಗೆ ಬಂದಿರಲಿಕ್ಕಿಲ್ಲ. ಕಿಟಕಿಯ ಪಕ್ಕ ಇಟ್ಟ ಪಟ್ಟಿಗಳು ಮಧ್ಯಾಹ್ನದ ಹೊತ್ತಿಗೆ ಕರಗಿ, ಒಂದಕ್ಕೊಂದು ಅಂಟಿಕೊಂಡು, ಸಂಜೆಗೆ ಇಟ್ಟಿಗೆಯಾದವು. ಎರಡನೆಯದು ಮೊಟ್ಟೆಯ ಬಿಳಿ. ಅದು ಚೆನ್ನಾಗಿ ಹಿಡಿದಿತ್ತು, ಆದರೆ ಬೀದಿಯ ಬೆಕ್ಕು ಕಿಟಕಿಯಿಂದ ಬಂದು ಸಾಲಾಗಿ ಒಣಗಲಿಟ್ಟ ಉಂಗುರಗಳನ್ನು ಒಂದೂ ಬಿಡದೆ ನೆಕ್ಕಿತು. ಅದರ ನಾಲಿಗೆ ನೀಲಿಯಾಗಿದ್ದನ್ನು ನಾನೇ ಕಂಡೆ. ಮೂರನೆಯದು ಸಿಗಡಿಯ ಚಿಪ್ಪಿನಿಂದ ಮಾಡುವ ಪುಡಿ, ವಿನೆಗರಿನಂಥ ಹುಳಿಯಲ್ಲಿ ಕರಗುತ್ತದೆ. ಕೊಳ್ಳುವ ಪುಡಿ ದುಬಾರಿ ಎಂದು ಮೇಡಂ ನಾವೇ ಮಾಡೋಣ ಎಂದರು. ನಮ್ಮ ಸೀಮೆಯಲ್ಲಿ ಸಿಗಡಿಯನ್ನು ಎಲ್ಲಿಂದ ತರುವುದು? ಹೊಸಪೇಟೆಯಲ್ಲಿ ಒಣಮೀನಿನವರನ್ನು ಹುಡುಕಿ ಒಂದು ಚೀಲ ಚಿಪ್ಪು ಹೊತ್ತು ಬಸ್ಸು ಹತ್ತಿದೆ. ಬಸ್ಸು ಊರು ಬಿಡುವ ಮೊದಲೇ ನನ್ನ ಸುತ್ತ ಮೂರು ಸಾಲು ಖಾಲಿಯಾಯಿತು. ಕಂಡಕ್ಟರ್ ಮೂಗಿಗೆ ಕರವಸ್ತ್ರ ಹಿಡಿದು ಬಂದು, ಇದು ಏನು, ಯಾವಾಗ ಸತ್ತದ್ದು ಎಂದು ಕೇಳಿದ. ಹಾಲು ಪರೀಕ್ಷೆಗೆ ಎಂದೆ. ಅವತ್ತಿನಿಂದ ಆತ ಹಾಲು ಕುಡಿಯುವುದನ್ನು ಬಿಟ್ಟಿದ್ದಾನೆ ಎಂದು ಕೇಳಿದ್ದೇನೆ.

ಸಿಗಡಿಯ ಅಂಟು ಗೆದ್ದಿತು. ಆದರೆ ಒಣಗಿದ ಮೇಲೂ ಎಂಜೈಮು ಬದುಕಿರಲಿ ಎಂದು ಅದಕ್ಕೆ ಒಂದಿಷ್ಟು ಸಕ್ಕರೆ ಸೇರಿಸಬೇಕಿತ್ತು. ಸಕ್ಕರೆ ಸೇರಿಸಿದ ಮರುದಿನ ಇರುವೆಗಳು ಬಂದವು. ಉಂಗುರದ ಬದು ದಾಟದೆ, ಒಳಗಿನದನ್ನಷ್ಟೇ ಅಚ್ಚುಕಟ್ಟಾಗಿ ತಿಂದು ಹೋಗಿದ್ದವು. ನನ್ನ ಅಚ್ಚಿನ ಕೆಲಸ ಎಷ್ಟು ನಿಖರ ನೋಡಿ ಎಂದು ಮೇಡಂಗೆ ತೋರಿಸಿದೆ. ಅವರಿಗೆ ಆ ದಿನ ಮೆಚ್ಚುವ ಮನಸ್ಸಿರಲಿಲ್ಲ. ಮೇಜಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿದ ಮೇಲೆ ನಮ್ಮ ಪಟ್ಟಿ ಸಿದ್ಧವಾಯಿತು.

ಈಗ ಹಳ್ಳಿಯ ಡೇರಿಯೊಂದರಲ್ಲಿ ಪರೀಕ್ಷಿಸಬೇಕು. ಕೋಗಳಿ ಆಗಲಿ ಎಂದು ಹೇಳಿದವನು ನಾನೇ. ಅಲ್ಲಿ ನನ್ನ ಅಕ್ಕ ಇದ್ದಾಳೆ, ಆಕೆಯ ಚೆನ್ನಿ ಎಮ್ಮೆಯ ಹಾಲಿನಂಥ ಹಾಲು ಸುತ್ತಲಿನ ಯಾವ ಊರಲ್ಲೂ ಇಲ್ಲ ಎಂದು ಕೊಚ್ಚಿಕೊಂಡೆ. ನನಗಿಂತ ಎಂಟು ವರ್ಷ ದೊಡ್ಡವಳು ಗಂಗಕ್ಕ. ಅವ್ವ ಹೊಲಕ್ಕೆ ಹೋದಾಗ ನನ್ನನ್ನು ಸೊಂಟದಲ್ಲಿ ಹೊತ್ತು ತಿರುಗಿದವಳು, ಅದಕ್ಕಾಗಿ ಶಾಲೆಯ ಮೆಟ್ಟಿಲನ್ನೇ ಹತ್ತದವಳು. ಮದುವೆಯಾಗಿ ಬಂದ ಮೇಲೆ ಆಕೆಗೆ ಊರಿನಲ್ಲಿ ಇದ್ದ ಹಿರಿಮೆ ಒಂದೇ, ಗಂಗಮ್ಮನ ಮನೆಯ ಹಾಲು. ಬಾಣಂತಿಯರಿಗೆ, ಪೂಜೆಗೆ, ನೆಂಟರ ಚಹಾಕ್ಕೆ ಅದನ್ನೇ ಕೇಳಿ ಒಯ್ಯುತ್ತಿದ್ದರು.

ಆ ಬೆಳಿಗ್ಗೆ ಮೇಡಂಗೆ ಬೇರೆ ಕೆಲಸ ಬಂದು, ನಾನೊಬ್ಬನೇ ಹೋದೆ. ಅಕ್ಕ ಚಹಾ ಕೊಟ್ಟಳು. ತಮ್ಮ ದೊಡ್ಡ ಕೆಲಸದ ಮೇಲೆ ಬಂದಿದ್ದಾನೆ ಎಂದು ತನ್ನ ಸಂಚಿಯಿಂದ ಎಲೆ ತೆಗೆದು, ಅಡಿಕೆ ಕತ್ತರಿಸಿ ಕೊಟ್ಟಳು. ಸುಣ್ಣದ ಡಬ್ಬಿ ಮುಂದೆ ಇಟ್ಟಳು. ಮೇಡಂ ಇಲ್ಲ ಎಂಬ ಧೈರ್ಯದಲ್ಲಿ ಹೆಬ್ಬೆರಳಿನಿಂದ ಧಾರಾಳ ಸುಣ್ಣ ಸವರಿ ಬಾಯಿಗೆ ಹಾಕಿಕೊಂಡೆ.

ಡೇರಿಯ ಕಾರ್ಯದರ್ಶಿ ವಿರೂಪಾಕ್ಷಪ್ಪ ಶಿಸ್ತಿನ ಮನುಷ್ಯ. ನಾನು ಕಲಿಸಿಕೊಟ್ಟ ಹಾಗೆ ಚಿಮಟದಿಂದ ಒಂದೊಂದೇ ಪಟ್ಟಿ ತೆಗೆದು, ಒಂದೊಂದು ಹನಿ ಹಾಲು ಬಿಟ್ಟ. ಎಲ್ಲರದೂ ಹಳದಿ. ಅಕ್ಕನ ಸರದಿ ಬಂದಾಗ ನಾನು ಅವನನ್ನು ತಡೆದೆ. ಅಕ್ಕನ ಹಾಲಿಗೆ ಹೊಸ ಕಟ್ಟು ಒಡೆಯಬೇಕು, ನನ್ನ ಕೈಯಾರೆ ಪಟ್ಟಿ ತೆಗೆದುಕೊಡಬೇಕು ಎನ್ನುವ ಪ್ರೀತಿ ನನಗೆ. ಹೆಬ್ಬೆರಳು ನಾಲಿಗೆಗೆ ಹೋಯಿತು, ನಾಲಿಗೆಯಿಂದ ಕಟ್ಟಿಗೆ ಬಂತು. ಪಟ್ಟಿ ಬಿಡಿಸಿ ಹಿಡಿದೆ. ಹನಿ ಬಿತ್ತು. ಉಂಗುರ ನೀಲಿಯಾಯಿತು.

ಅಕ್ಕ ಬಗ್ಗಿ ನೋಡಿದಳು. ಆಕೆಗೆ ಬಣ್ಣದ ಅರ್ಥ ಯಾರೂ ಹೇಳಿರಲಿಲ್ಲ.

“ಎಲ್ಲಾರದು ಹಳದಿ, ನಂದು ಮಾತ್ರ ನೀಲಿ. ನೋಡ್ರಿ ಮತ್ತ, ಚೆನ್ನಿ ಹಾಲು ಅಂದ್ರ ಹಂಗ” ಎಂದು ಸಾಲಿನಲ್ಲಿ ನಿಂತವರತ್ತ ತಿರುಗಿ ಸೆರಗು ಸರಿಮಾಡಿಕೊಂಡಳು.

ವಿರೂಪಾಕ್ಷಪ್ಪನೇ ಹೇಳಬೇಕಾಯಿತು.

“ಗಂಗಕ್ಕ, ನೀಲಿ ಆತಂದ್ರ ಯೂರಿಯಾ ಐತಿ ಅಂತ.”

ಇನ್ನೊಂದು ಪಟ್ಟಿ ಹಾಕು ಎಂದು ಅಕ್ಕ ನನ್ನ ಮುಖ ನೋಡಿದಳು. ಗಾಬರಿಯಲ್ಲಿ ನಾನು ಹೆಬ್ಬೆರಳನ್ನು ಇನ್ನಷ್ಟು ಚೆನ್ನಾಗಿ ನೆಕ್ಕಿ ಇನ್ನೊಂದು ತೆಗೆದೆ. ಅದು ಮೊದಲಿನದಕ್ಕಿಂತ ನೀಲಿ. ಸಾಲಿನ ಹಿಂದಿನಿಂದ ಯಾರೋ, ಗಂಗಮ್ಮನ ಮಜ್ಜಿಗಿ ಕುಡದ್ರ ಬೆಳಿ ಛಲೋ ಬರತೈತಿ ಎಂದರು. ಎಲ್ಲರೂ ನಕ್ಕರು. ಅಕ್ಕ ತಂಬಿಗೆ ಎತ್ತಿ, ಅಷ್ಟು ಜನರ ಎದುರು, ಹಸಿ ಹಾಲನ್ನು ಗಟಗಟ ಕುಡಿದು ಖಾಲಿ ಮಾಡಿ, ಬಾಯಿ ಒರೆಸಿಕೊಂಡು ಮನೆಗೆ ನಡೆದಳು. ಮರುಪರೀಕ್ಷೆಗೆ ಒಂದು ಹನಿಯೂ ಉಳಿಯಲಿಲ್ಲ.

ಮರುದಿನ ಪ್ರಯೋಗಶಾಲೆಯಲ್ಲಿ ಅದೇ ಕಟ್ಟಿನ ಪಟ್ಟಿಗಳ ಮೇಲೆ ಬರೀ ನೀರಿನ ಹನಿ ಹಾಕಿ ನೋಡಲು ಮೇಡಂ ಹೇಳಿ ಹೋದರು. ಚಿಮಟದಿಂದ ತೆಗೆದವು ಹಳದಿ. ನಡುವೆ ಎಲ್ಲೋ ಮೈಮರೆತು ಬೆರಳಿನಿಂದ ತೆಗೆದದ್ದು ನೀಲಿ. ಬರೀ ನೀರಿಗೆ ಯಾವ ಎಮ್ಮೆ ಯೂರಿಯಾ ಬೆರೆಸುತ್ತದೆ? ಹೆಬ್ಬೆರಳನ್ನು ನೋಡಿದೆ. ಉಗುರಿನ ಸಂದಿಯಲ್ಲಿ ಸುಣ್ಣದ ಬಿಳಿ ಗೆರೆ. ಸುಣ್ಣವೂ ಕ್ಷಾರ. ಅತ್ತೆ ಏನೂ ಹೇಳದಿದ್ದರೂ, ಸೊಸೆಗೆ ನಾನೇ ಕಿವಿಯಲ್ಲಿ ಹೇಳಿ ಕೂಗಿಸಿದ್ದೆ.

ಮೇಡಂ ಬಂದು, ಅಕ್ಕನ ಹಾಲು ನೀಲಿಯಾದದ್ದು ಯಾಕಿರಬಹುದು ಎಂದು ಕೇಳಿದರು. ಅಲ್ಲಿಯೇ ಹೇಳಿದ್ದರೆ ಈ ಬರಹ ಇಷ್ಟು ಉದ್ದವಾಗುತ್ತಿರಲಿಲ್ಲ. ಎಲೆ ಅಡಿಕೆ ಬಿಟ್ಟಿದ್ದೇನೆಂದು ಹೇಳಿದ್ದು ಸುಳ್ಳು ಎಂದಾಗುತ್ತದೆ, ಕೆಲಸ ಹೋಗುತ್ತದೆ ಎಂದು ಹೆದರಿದೆ. ನೀಲಿ ಪಟ್ಟಿಯನ್ನು ಕಿಸೆಗೆ ಹಾಕಿಕೊಂಡು, “ಎಮ್ಮಿ ಗೊಬ್ಬರದ ಚೀಲ ನೆಕ್ಕಿರಬೇಕ್ರಿ ಮೇಡಂ” ಎಂದುಬಿಟ್ಟೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಅರಳಿತು. ದನ ತಿಂದ ಯೂರಿಯಾದಿಂದಲೂ ಹಾಲಿನಲ್ಲಿ ಅದು ಏರಬಹುದಂತೆ. ನಮ್ಮ ಪಟ್ಟಿ ಅದನ್ನು ಬೆರಕೆಯಿಂದ ಬೇರ್ಪಡಿಸಲಾರದು, ಇದನ್ನು ನಾನು ಯೋಚಿಸಿಯೇ ಇರಲಿಲ್ಲ ಕೊಟ್ರಪ್ಪ, ನೀವು ಹೇಳಿದ್ದು ಒಳ್ಳೆಯದಾಯಿತು ಎಂದರು. ಬೆನ್ನಾಸರೆಯ ಸ್ಟೂಲು ಬಂದದ್ದು ಆ ತಿಂಗಳು.

ಗೊಬ್ಬರದ ಚೀಲವನ್ನು ದನಕ್ಕೆ ಎಟುಕದಂತೆ ಇಡಬೇಕು ಎಂದು ಮೇಡಂ ಕೋಗಳಿಗೆ ಹೇಳಿ ಕಳಿಸಿದರು. ಊರಿನವರು ಚೀಲಗಳನ್ನು ಅಟ್ಟಕ್ಕೆ ಏರಿಸಿದರು. ಅಕ್ಕನ ಮನೆಯಲ್ಲಿ ಗೊಬ್ಬರದ ಚೀಲವೇ ಇರಲಿಲ್ಲ. ಹಾಗಾದರೆ ಮೇಯಲು ಹೋದಾಗ ಯಾರದೋ ನೆಕ್ಕಿರಬೇಕು ಎಂದು ತೀರ್ಮಾನವಾಗಿ, ಎತ್ತಿಗೆ ಕಟ್ಟುವ ಬಾಯಿಕುಕ್ಕೆಯನ್ನು ಚೆನ್ನಿಗೆ ಕಟ್ಟಿದರು. ಎಮ್ಮೆ ಬಾಯಿಗೆ ಬುಟ್ಟಿ ಹಾಕಿಕೊಂಡು ಬೀದಿಯಲ್ಲಿ ಹೋಗುವುದನ್ನು ನೋಡಲು ಮಕ್ಕಳು ಸೇರುತ್ತಿದ್ದರು. ಆಮೇಲೆ ವಿರೂಪಾಕ್ಷಪ್ಪ ಚಿಮಟದಿಂದ ಪರೀಕ್ಷಿಸಿದಾಗಲೆಲ್ಲ ಹಾಲು ಹಳದಿಯೇ ಬಂತು. ಕುಕ್ಕೆಯ ಗುಣ ಎಂದರು. ಡೇರಿ ಹಾಲು ತೆಗೆದುಕೊಂಡಿತು, ಆದರೆ ಹೆಸರು ಹೋಗಲಿಲ್ಲ. ಪೂಜೆಗೆ, ಬಾಣಂತಿಗೆ ಹಾಲು ಕೇಳುವವರು ಬೇರೆ ಮನೆಗೆ ಹೋದರು. ನಾನು ಕೋಗಳಿಯಲ್ಲಿ ಬಸ್ಸಿಳಿದಾಗ ಯಾರ ಮನೆ ಎಂದು ಕೇಳಿದವರಿಗೆ ಗಂಗಮ್ಮನ ತಮ್ಮ ಎಂದರೆ, ಯಾವ ಗಂಗಮ್ಮ, ಯೂರಿಯಾ ಗಂಗಮ್ಮನೇನು ಎನ್ನುತ್ತಿದ್ದರು. ನಾನು ಹೌದು ಎನ್ನುತ್ತಿದ್ದೆ. ಅಕ್ಕ ನನಗೆ ಎಂದೂ ಏನೂ ಅನ್ನಲಿಲ್ಲ. ಚೆನ್ನಿಯನ್ನು ಬೈಯುತ್ತಿದ್ದಳು. ಚೆನ್ನಿ ಸಾಯುವವರೆಗೂ ಬೈದಳು.

ಎಲೆ ಅಡಿಕೆಯನ್ನು ಆಮೇಲೆ ನಿಜವಾಗಿ ಬಿಟ್ಟೆ. ಬಾಯಿ ಮಾತ್ರ ಬಿಚ್ಚಲಿಲ್ಲ.

ಕೆಲಸದ ರೀತಿ ಬದಲಾಯಿತು. ಬಣ್ಣದ ಕಾಗದ ಹೋಗಿ, ಪ್ಲಾಸ್ಟಿಕ್ ಹಾಳೆಯ ಮೇಲೆ ಇಂಗಾಲದ ಕಪ್ಪು ಶಾಯಿಯಲ್ಲಿ ಗೆರೆ ಎಳೆಯುವುದು ಬಂತು. ಸೊಸೆಯ ಬದಲು ಈಗ ವಿದ್ಯುತ್ತು ಮಾತಾಡುತ್ತದೆ, ಅಂಗೈಯಷ್ಟು ಮೀಟರು ಅಂಕಿ ತೋರಿಸುತ್ತದೆ. ಹನಿ ಬಿಡಲು ಯಂತ್ರ ಬಂತು, ಕೈಗವಸು ಬಂತು, ಪ್ರತಿ ಪಟ್ಟಿಗೂ ಬೆಳ್ಳಿ ಬಣ್ಣದ ಲಕೋಟೆ ಬಂತು. ಕೈಗವಸು ಬಂದ ದಿನ ನನ್ನಷ್ಟು ಸಂತೋಷಪಟ್ಟವರು ಯಾರೂ ಇಲ್ಲ. ಅದನ್ನು ಹಾಕಿಕೊಂಡೇ ಹೆಬ್ಬೆರಳು ನಾಲಿಗೆಗೆ ಒಯ್ದು ರಬ್ಬರಿನ ರುಚಿ ನೋಡುತ್ತಿದ್ದೆ ಎಂಬುದು ಬೇರೆ ಮಾತು.

ನಿವೃತ್ತಿಯ ದಿನ ಶಾಲು ಹೊದಿಸಿದರು. ಭಾಷಣದಲ್ಲಿ ಮೇಡಂ ಎಮ್ಮೆ ಗೊಬ್ಬರದ ಚೀಲ ನೆಕ್ಕಿದ ಕಥೆಯನ್ನೇ ಹೇಳಿ, ಪಟ್ಟಿ ತಪ್ಪಿದಾಗ ಹಾಲನ್ನು ದೂರುವ ಮೊದಲು ಎಮ್ಮೆಯನ್ನೂ ವಿಚಾರಿಸಬೇಕು ಎಂದು ನನ್ನಿಂದ ಕಲಿತೆ ಎಂದರು. ಹೊಸದಾಗಿ ಸೇರುವವರಿಗಾಗಿ ಅನುಭವ ಬರೆದುಕೊಡಿ ಎಂದೂ ಕೇಳಿದರು. ಬರೆಯಲು ಕೂತರೆ ಪ್ರತಿ ಸಾಲಿನಲ್ಲೂ ಚೆನ್ನಿ ಬಂದು ನಿಲ್ಲುತ್ತಿದ್ದಳು, ಬಾಯಿಗೆ ಬುಟ್ಟಿ ಕಟ್ಟಿಕೊಂಡು. ಕೊನೆಗೆ ಮೇಡಂಗೆ ಫೋನು ಮಾಡಿ ಎಲ್ಲ ಹೇಳಿದೆ.

ಅತ್ತ ಕಡೆ ಅವರು ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿಸಿತು.

“ಅಂದ್ರೆ ಆ ಎಮ್ಮೆ ಚೀಲ ನೆಕ್ಕಲೇ ಇಲ್ವಾ?” ಎಂದರು. ಇಷ್ಟು ವರ್ಷ ಸಾಕಿದ ಕರುವೊಂದು ಕಳೆದುಹೋದ ಹಾಗಿತ್ತು ಆ ದನಿ. ಆಮೇಲೆ ಕೇಳಿದರು, “ನಿಮ್ಮ ಅಕ್ಕಗೆ ಹೇಳೀರಾ?”

ಮರುದಿನ ಕೋಗಳಿಗೆ ಹೋದೆ. ಹೋಗುವಾಗ ಮೇಲೆಲ್ಲ ಬಣ್ಣ ಸವರಿದ, ಕತ್ತರಿಸದ ಹಳೆಯ ಪಟ್ಟಿಗಳ ಹಾಳೆಯೊಂದನ್ನು ಪ್ರಯೋಗಶಾಲೆಯಿಂದ ಕೇಳಿ ಪಡೆದು ಚೀಲದಲ್ಲಿ ಇಟ್ಟುಕೊಂಡಿದ್ದೆ, ಮಾತಿನಲ್ಲಿ ಅರ್ಥವಾಗದಿದ್ದರೆ ತೋರಿಸೋಣ ಎಂದು. ಜೊತೆಗೆ ಇಷ್ಟರವರೆಗೆ ಬರೆದದ್ದನ್ನೂ ಒಯ್ದಿದ್ದೆ. ಅಕ್ಕ ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದಳು. ಎದುರಿಗೆ ಕೂತು ಓದಿದೆ. ಸಿಗಡಿಯ ಕಡೆ ನಕ್ಕಳು, ಬೆಕ್ಕಿನ ಕಡೆ ಇನ್ನೂ ನಕ್ಕಳು. ಡೇರಿಯ ಭಾಗ ಬಂದಾಗ ಅಡಕತ್ತರಿ ನಿಂತಿತು.

ಓದಿ ಮುಗಿಸಿದೆ. ಅಕ್ಕ ಸುಣ್ಣದ ಡಬ್ಬಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು.

“ಅವತ್ತು ಎಲಿ ಮಡಚಿ ಕೊಟ್ಟಾಕಿ ನಾನಾ ಅಲ್ಲೇನು?”

“ಹೌದಕ್ಕ.”

“ಸುಣ್ಣ ನಂದು, ಹೆಬ್ಬಟ್ಟು ನಿಂದು. ಬೈಸಿಗೊಂಡಾಕಿ ಚೆನ್ನಿ.” ಅಡಿಕೆಯನ್ನು ಸಂಚಿಗೆ ಹಾಕಿ ದಾರ ಎಳೆದಳು. “ಆ ಮೂಕ ಪ್ರಾಣಿಗೆ ಬಾಯಿಗೆ ಬುಟ್ಟಿ ಕಟ್ಟಿದ್ನಲ್ಲೋ ಕೊಟ್ರಾ.”

ತಪ್ಪಾಯಿತಕ್ಕ ಎಂದೆ. ಬೇಕಾದರೆ ಈ ಬರಹವನ್ನು ಅಚ್ಚು ಹಾಕಿಸಿ ಡೇರಿಯ ಗೋಡೆಗೆ ಅಂಟಿಸುತ್ತೇನೆ ಎಂದೂ ಹೇಳಿದೆ.

“ನೀ ಬರದದ್ದು ನಂಗ ಓದಾಕ ಬರಾಂಗಿಲ್ಲ. ಓದಾಕ ಬರೋರು ನಂಬಾಂಗಿಲ್ಲ, ಅಕ್ಕನ ಉಳಿಸಾಕ ಬರದಾನ ಅಂತಾರ” ಎಂದಳು. “ಆ ಹಾಳಿ ಅಲ್ಲೇ ಚೀಲದಾಗ ಇರಲಿ. ಮುಂಜಾನಿ ಹಾಲಿಗೆ ಹೋಗೂಣು. ಸುಣ್ಣದ ಡಬ್ಬಿ ನಾ ತರತೀನಿ.”

ಬೆಳಿಗ್ಗೆ ಡೇರಿಯ ಮುಂದೆ ಸಾಲು ಇತ್ತು. ಅಕ್ಕ ಸಾಲಿನ ಮುಂದಕ್ಕೆ ಹೋಗಿ, ತನ್ನ ಹಾಲನ್ನು ಪಕ್ಕಕ್ಕಿಟ್ಟು, ವಿರೂಪಾಕ್ಷಪ್ಪನನ್ನು ಒಂದು ಲೋಟ ನೀರು ಕೇಳಿದಳು. ಅವನಿಗೂ ಈಗ ತಲೆ ಬೆಳ್ಳಗಾಗಿದೆ. ನಾನು ಹಾಳೆಯನ್ನು ಮೇಜಿನ ಮೇಲೆ ಹರಡಿ, ಒಂದು ಉಂಗುರಕ್ಕೆ ನೀರಿನ ಹನಿ ಬಿಟ್ಟೆ. ಹಳದಿಯೇ ಉಳಿಯಿತು. ಅಷ್ಟು ಹಳೆಯ ಹಾಳೆಯಲ್ಲಿ ಎಂಜೈಮು ಎಂದೋ ಸತ್ತಿರುತ್ತದೆ, ಯೂರಿಯಾ ಇದ್ದರೂ ಇನ್ನು ಗೊತ್ತಾಗುವುದಿಲ್ಲ, ಬಣ್ಣ ಮಾತ್ರ ಉಳಿದಿದೆ ಎಂದು ವಿವರಿಸಲು ಹೊರಟೆ.

“ಅದೆಲ್ಲ ಬ್ಯಾಡ. ಬೆರಳು ಕೊಡು” ಎಂದು ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಡಬ್ಬಿಯ ಸುಣ್ಣವನ್ನು ನನ್ನ ಹೆಬ್ಬೆರಳಿಗೆ ತಾನೇ ಸವರಿದಳು. “ಈಗ ನೆಕ್ಕು, ಅವತ್ತಿನಂಗ.”

ಅಷ್ಟು ಜನರ ಎದುರು ನೆಕ್ಕಿದೆ. ಸುಣ್ಣಕ್ಕೆ ನಾಲಿಗೆ ಚುರ್ರೆಂದಿತು. ಆಕೆ ನನ್ನ ಹೆಬ್ಬೆರಳನ್ನು ಹಾಳೆಯ ನಡುವೆ ಇಟ್ಟು, ಮೇಲೆ ತನ್ನ ಹೆಬ್ಬೆರಳು ಇಟ್ಟು, ಬಲವಾಗಿ ಒತ್ತಿ ಹಿಡಿದಳು. ಬಿಟ್ಟಾಗ ಹಳದಿಯ ಮೇಲೆ ಗೆರೆಗೆರೆಯಾಗಿ ನೀಲಿ ಹೆಬ್ಬೆಟ್ಟು ಮೂಡಿತ್ತು.

“ನೋಡ್ರಿ, ಇದು ಹಾಲಲ್ಲ, ಎಮ್ಮಿ ಅಲ್ಲ, ಯೂರಿಯಾ ಅಲ್ಲ” ಎಂದಳು. “ನನ್ನ ತಮ್ಮ.”

ವಿರೂಪಾಕ್ಷಪ್ಪ ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದ. ಹೆಬ್ಬೆಟ್ಟಿನ ಹಿಂದೆ ತೆಳುವಾಗಿ ಏನೋ ಅಕ್ಷರ ಕಂಡು ಅದನ್ನು ಜೋರಾಗಿ ಓದಿದ, ‘ಆಶೀರ್ವಾದವೇ ಉಡುಗೊರೆ’. ನಾನು ಕೇಳಿ ತಂದದ್ದು ಆ ಮೊದಲ ಕಂತಿನ ಹಾಳೆ ಎಂದು ನನಗೂ ಆಗಲೇ ತಿಳಿದದ್ದು. ಆಗ ಇಡೀ ಸಾಲು ನಕ್ಕಿತು, ಅಕ್ಕನೂ ನಕ್ಕಳು. ಹಿಂದಿನಿಂದ ಒಬ್ಬ ಮುದುಕ, ಗಂಗವ್ವ, ನಾಳಿ ನಮ್ಮ ಮನ್ಯಾಗ ಪೂಜಿ ಐತಿ, ಒಂದು ತಂಬಿಗಿ ಹಾಲು ಎತ್ತಿಡು ಎಂದ. ಅಕ್ಕ ನಗು ನಿಲ್ಲಿಸಿ ಸೆರಗು ಸರಿಮಾಡಿಕೊಂಡಳು. ಮೊದಲ ಸಲ ನೀಲಿ ಕಂಡಾಗ ಮಾಡಿದ ಹಾಗೆಯೇ.

ಮನೆಗೆ ಬಂದ ಮೇಲೆ ನನ್ನನ್ನು ಕೊಟ್ಟಿಗೆಗೆ ಕರೆದೊಯ್ದು, ಚೆನ್ನಿಯ ಮೊಮ್ಮಗಳ ಎದುರು ನಿಲ್ಲಿಸಿ, ಇಕಿಗೂ ಒಂದು ಮಾತು ಹೇಳು ಎಂದಳು. ಹೇಳಿದೆ. ಎಮ್ಮೆ ನನ್ನ ಹೆಬ್ಬೆರಳನ್ನು ಮೂಸಿ, ಒಮ್ಮೆ ನೆಕ್ಕಿ, ಸೀನಿತು.

ಹಾಳೆ ಈಗ ಡೇರಿಯ ಗೋಡೆಯ ಮೇಲಿದೆ, ನೀಲಿ ಅಷ್ಟಿಷ್ಟು ಮಾಸಿದೆ. ಕೋಗಳಿಯಲ್ಲಿ ನಾನು ಬಸ್ಸಿಳಿದರೆ ಈಗ ಯಾರ ಮನೆ ಎಂದು ಯಾರೂ ಕೇಳುವುದಿಲ್ಲ. ಸುಣ್ಣದ ಕೊಟ್ರಪ್ಪ ಬಂದ ಎನ್ನುತ್ತಾರೆ. ನಾನು ಹೌದು ಎನ್ನುತ್ತೇನೆ.